ಸಗರ ನಾಡಿನ ಗುಡ್ಡಗಳಲ್ಲಿ ಎರಡು ರಾತ್ರಿ

ನಮ್ಮ ಶಾಲೆಯ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ನನ್ನನ್ನು ಕೇಳಿದಾಗ, ಮೂವತ್ತು ವರ್ಷಗಳಿಂದ ಉಪಾಧ್ಯಾಯಿನಿಯಾಗಿರುವ ನಾನು ಬಾಲಿಕೆಯರ ವಿದ್ಯಾಭ್ಯಾಸದ ವಿಷಯವಾಗಿಯೋ ಗೃಹಕೃತ್ಯದ ವಿಷಯವಾಗಿಯೋ ನಾಲ್ಕು ಹಿತದ ಮಾತುಗಳನ್ನು ಬರೆಯುವೆನೆಂದು ಅವರು ಎಣಿಸಿರಬಹುದು. ಆದರೆ ನಾನು ಬರೆಯಹೊರಟಿರುವುದು ಒಂದು ಮೋಟಾರು ಸೈಕಲ್ಲಿನ ಪ್ರವಾಸವನ್ನು ಕುರಿತು. ಐವತ್ತೆಂಟು ವಯಸ್ಸಿನ ಹೆಂಗಸಿಗೆ ಇದು ತಕ್ಕ ವಿಷಯವೇ ಎಂದು ಹಳೆಯ ಗೆಳತಿಯರು ನಗುವುದಾದರೆ ನಗಲಿ. ಕಡೆಯವರೆಗೆ ಓದಬೇಕೆಂಬುದೊಂದೇ ನನ್ನ ಬಿನ್ನಹ.

ಮೊದಲು ಒಂದು ದುಃಖದ ಸಂಗತಿಯನ್ನು ಹೇಳಬೇಕಾಗಿದೆ. ನನಗೆ ಇದ್ದ ಒಬ್ಬನೇ ತಮ್ಮನು 1994ನೆಯ ಇಸವಿಯಲ್ಲಿ, ತನ್ನ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಶಹಾಪುರದಿಂದ ಯಾದಗಿರಿಗೆ ಮೋಟಾರು ಸೈಕಲ್ಲಿನ ಮೇಲೆ ಬರುತ್ತಿದ್ದನು. ಕತ್ತಲು ಕವಿಯುವ ಹೊತ್ತು; ದಾರಿಯ ಅಂಚಿನಲ್ಲಿ ಕಣಿಕೆಯ ಹೊರೆ ತುಂಬಿದ ಬಂಡಿಯೊಂದು ದೀಪವಿಲ್ಲದೆ ನಿಂತಿತ್ತು. ಅವನ ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಅದನ್ನು ಧರಿಸಬೇಕೆಂಬ ವಿಧಿಯು 1988ರ ಮೋಟಾರು ವಾಹನಗಳ ಕಾಯಿದೆಯಲ್ಲಿ ಆಗಲೇ ಇದ್ದಿತಾದರೂ ನಮ್ಮ ಕಡೆಯಲ್ಲಿ ಪಾಲಿಸುವವರು ವಿರಳವಾಗಿದ್ದರು. ಆ ರಾತ್ರಿಯ ನಂತರ, ನಮ್ಮ ಮನೆಯಲ್ಲಿ ಯಾರೂ ಮೋಟಾರು ಸೈಕಲ್ಲನ್ನು ಮುಟ್ಟಕೂಡದೆಂದು ನಾನು ಕಟ್ಟಳೆ ಮಾಡಿದೆನು. ಮಗಳು ಹುಟ್ಟಿದ ಮೇಲೆ ಆ ಕಟ್ಟಳೆಯು ಅವಳ ಜೊತೆಯಲ್ಲಿಯೇ ಬೆಳೆಯಿತು. ಇದು ಪ್ರೀತಿಯಿಂದ ಮಾಡಿದ್ದು. ಆದುದರಿಂದ ಇದರಲ್ಲಿ ತಪ್ಪಿರಲಾರದೆಂದು ನಾನು ನಂಬಿದ್ದೆನು.

ಮಗಳು ಈಗ ಕಲಬುರಗಿಯಲ್ಲಿ ಕೆಲಸದಲ್ಲಿದ್ದಾಳೆ. 2024ನೆಯ ಇಸವಿಯ ಕ್ರಿಸ್ಮಸ್ ರಜೆಯಲ್ಲಿ ಅವಳು ಮನೆಗೆ ಬಂದಿದ್ದಾಗ, ಒಗೆಯುವುದಕ್ಕೆಂದು ತೆಗೆದ ಅವಳ ಅಂಗಿಯ ಕಿಸೆಯಿಂದ ವಾಹನ ನಡೆಸುವ ಪರವಾನಿಗೆಯು ಕೆಳಗೆ ಬಿತ್ತು. ಕೇಳಿದೆನು. ಅವಳು ಮರೆಮಾಡಲಿಲ್ಲ. ತನ್ನ ಸ್ವಂತ ಸಂಬಳದಿಂದ ಮೋಟಾರು ಸೈಕಲ್ಲನ್ನು ಕೊಂಡು ಎಂಟು ತಿಂಗಳಾಯಿತೆಂದು ಹೇಳಿದಳು.

“ನನಗ್ಯಾಕೆ ಹೇಳಲಿಲ್ಲ?” ಎಂದೆನು.

“ಅವ್ವಾ, ಕೇಳಿದ್ದರ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ,” ಎಂದಳು.

ಪ್ರಿಯ ವಾಚಕರೇ, ಆ ಉತ್ತರದಲ್ಲಿ ಉದ್ಧಟತನವಿರಲಿಲ್ಲ. ಇದ್ದಿದ್ದರೆ ನಾನು ಗದರಿಸಿ ಸುಮ್ಮನಾಗುತ್ತಿದ್ದೆನು. ಸತ್ಯವನ್ನೇ ಹೇಳಬೇಕೆಂದು ಮೂವತ್ತು ವರ್ಷ ಪರರ ಮಕ್ಕಳಿಗೆ ಕಲಿಸಿದ ನಾನು, ಸ್ವಂತ ಮಗಳಿಗೆ ನನ್ನ ಭಯದ ಮೂಲಕ ಮರೆಮಾಚುವುದನ್ನು ಕಲಿಸಿದ್ದೆನು. ಮೂರು ದಿನ ನಾನು ಹೆಚ್ಚು ಮಾತಾಡಲಿಲ್ಲ. ನಾಲ್ಕನೆಯ ದಿನ, “ನಿನ್ನ ಹಿಂದೆ ನಾನೂ ಒಂದು ಸಾರಿ ಕೂಡುತ್ತೇನೆ; ನೀನು ಹೇಗೆ ನಡೆಸುತ್ತೀ ಎಂಬುದನ್ನು ಕಣ್ಣಾರೆ ನೋಡಬೇಕು,” ಎಂದೆನು. ಅವಳು ಆಶ್ಚರ್ಯಪಟ್ಟಳು, ಬಳಿಕ, ಊರೊಳಗೆ ಒಂದು ಸುತ್ತು ಹಾಕಿದರೆ ಏನೂ ತಿಳಿಯದು, ಗುಡ್ಡದ ದಾರಿಯಲ್ಲಿ ಎರಡು ರಾತ್ರಿ ಡೇರೆ ಹಾಕಿಕೊಂಡು ಹೋಗಿಬರೋಣವೆಂದಳು. ಹೀಗೆ ನಮ್ಮ ಪ್ರವಾಸವು ನಿಶ್ಚಯವಾಯಿತು.

ನಾವು ಹೊರಟದ್ದು 2025ನೆಯ ಇಸವಿಯ ಫೆಬ್ರವರಿ 14ನೆಯ ತಾರೀಖು, ಮಾಘದ ಹುಣ್ಣಿಮೆಯು ಕಳೆದ ಎರಡನೆಯ ದಿನ. ಶಿವರಾತ್ರಿಗೆ ಚಳಿಯು ಶಿವ ಶಿವ ಎನ್ನುತ್ತ ಓಡಿಹೋಗುವುದೆಂದು ನಮ್ಮಲ್ಲಿ ಗಾದೆಯುಂಟು. ಆ ಹಬ್ಬಕ್ಕೆ ಇನ್ನೂ ಹನ್ನೆರಡು ದಿನಗಳಿದ್ದವು. ಮಾವು ಹೂಬಿಟ್ಟಿತ್ತು, ಮುತ್ತುಗದ ಗಿಡಗಳಲ್ಲಿ ಕೆಂಪು ಕಾಣತೊಡಗಿತ್ತು. ಹಗಲು ವಸಂತ, ಬೆಳಗಿನ ಜಾವ ಚಳಿಗಾಲ ಎಂಬಂಥ ಸಂಧಿಕಾಲವದು.

ಸಾಮಾನು ಕಟ್ಟುವ ಕ್ರಮವನ್ನು ಮಗಳಿಂದ ಕಲಿತೆನು. ಭಾರವಾದ ವಸ್ತುಗಳು ಕೆಳಗಿರಬೇಕು, ಎರಡು ಪಕ್ಕಗಳ ತೂಕವು ಸಮನಾಗಿರಬೇಕು. ಇಲ್ಲವಾದರೆ ತಿರುವಿನಲ್ಲಿ ಗಾಡಿಯು ಒಂದು ಕಡೆಗೆ ಎಳೆಯುವುದು. ಡೇರೆ, ಎರಡು ಕಂಬಳಿ, ಹಗ್ಗ, ನೀರು, ಔಷಧಿಯ ಡಬ್ಬಿ ಇವುಗಳ ಮೇಲೆ ನಾನು ಕಟಕ ರೊಟ್ಟಿ ಮತ್ತು ಶೇಂಗಾ ಹಿಂಡಿಯ ಗಂಟನ್ನು ಇಟ್ಟೆನು. ಹೊರಡುವ ಮುನ್ನ ಅವಳು ಚಕ್ರಗಳ ಗಾಳಿ, ಬ್ರೇಕು, ದೀಪ ಇವೆಲ್ಲವನ್ನೂ ಒಂದೊಂದಾಗಿ ನೋಡಿ, ನನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ತಾನೇ ಬಿಗಿದು, ಎದೆಯ ಮೇಲೆ ಕೋಟಿನೊಳಗೆ ಹಳೆಯ ವರ್ತಮಾನ ಪತ್ರಿಕೆಯ ನಾಲ್ಕು ಮಡಿಕೆಗಳನ್ನು ಇರಿಸಿದಳು. ಗಾಡಿ ಓಡುವಾಗ ಚಳಿಯನ್ನು ತರುವುದು ಗಾಳಿ. ಕಾಗದವು ಗಾಳಿಯನ್ನು ಒಳಗೆ ಬಿಡದೆಂದು ವಿವರಿಸಿದಳು. ಭೀಮಾ ನದಿಯ ಸೇತುವೆಯನ್ನು ದಾಟುವಾಗ ಅವಳ ಮಾತು ನಿಜವೆಂದು ತಿಳಿಯಿತು. ನೀರಿನ ಮೇಲಿಂದ ಬಂದ ಗಾಳಿಗೆ ಬೆರಳುಗಳು ಸೆಟೆದುಹೋದವು, ಎದೆ ಮಾತ್ರ ಬೆಚ್ಚಗಿತ್ತು.

ಸೇತುವೆಯ ಆಚೆ ನನ್ನ ತಮ್ಮನ ದಾರಿ. ನಾನು ಕಣ್ಣು ಮುಚ್ಚಿಕೊಂಡು ಅವಳ ನಡುವನ್ನು ಬಿಗಿಯಾಗಿ ಹಿಡಿದೆನು. ಅವಳು ಏನೂ ಹೇಳದೆ ವೇಗವನ್ನು ತಗ್ಗಿಸಿದಳು.

ನಮ್ಮ ಸಗರ ನಾಡಿನ ಗುಡ್ಡಗಳು ಹಿಮಾಲಯದಂತೆ ಎತ್ತರವಾದವುಗಳಲ್ಲ. ಆದರೆ ಎರೆಯ ಬಯಲಿನ ನಡುವೆ ಬಂಡೆಯ ಮೇಲೆ ಬಂಡೆ ಪೇರಿಸಿದಂತೆ ಒಮ್ಮೆಲೇ ಎದ್ದುನಿಲ್ಲುವ ಕಾರಣ ಅವು ನೋಡುವವರ ಮನಸ್ಸನ್ನು ಹಿಡಿಯುತ್ತವೆ. ಶಹಾಪುರದ ಬಳಿ ಗುಡ್ಡಗಳ ಸಾಲು ಅಂಗಾತ ಮಲಗಿದ ಮನುಷ್ಯನ ಆಕಾರದಲ್ಲಿ ಕಾಣುವುದರಿಂದ ಅದಕ್ಕೆ ಮಲಗಿದ ಬುದ್ಧನೆಂದು ಹೆಸರು ಬಂದಿದೆ. ಬಸ್ಸಿನ ಕಿಟಕಿಯಿಂದ ಅದನ್ನು ಎಷ್ಟೋ ಸಾರಿ ನೋಡಿದ್ದೆನು. ಕಿಟಕಿಯೇ ಇಲ್ಲದ ಗಾಡಿಯ ಮೇಲೆ ಕುಳಿತು ನೋಡಿದಾಗ ಅದು ನಮ್ಮ ಜೊತೆಯಲ್ಲಿಯೇ ನಿಧಾನವಾಗಿ ಹೊರಳುವಂತೆ ತೋರಿತು.

ಆ ರಾತ್ರಿ ಶಹಾಪುರಕ್ಕೆ ಸಮೀಪದ ವಿಭೂತಿಹಳ್ಳಿಯ ಕಡೆ, ಪರಿಚಯದ ರೈತರೊಬ್ಬರ ಹೊಲದಲ್ಲಿ ಅವರ ಅಪ್ಪಣೆ ಪಡೆದು ಇಳಿದುಕೊಂಡೆವು. ಈ ಊರಿನ ಬಳಿ ಬಯಲಿನಲ್ಲಿ ದೊಡ್ಡ ದೊಡ್ಡ ಗುಂಡುಗಳನ್ನು ಸಮ ಅಂತರದಲ್ಲಿ ಸಾಲುಸಾಲಾಗಿ ಇಟ್ಟಿರುವ ಪ್ರಾಚೀನ ಸ್ಥಳವುಂಟು. ಕಬ್ಬಿಣದ ಉಪಯೋಗವು ಆರಂಭವಾದ ಕಾಲದ ಜನರ ಕೆಲಸವಿದೆಂದೂ, ಸೂರ್ಯನ ಉದಯಾಸ್ತಗಳನ್ನು ಗುರುತಿಸುವುದಕ್ಕೆ ಈ ಸಾಲುಗಳು ನೆರವಾಗಿದ್ದಿರಬಹುದೆಂದೂ ಕೆಲವು ವಿದ್ವಾಂಸರು ಅಭಿಪ್ರಾಯಪಡುತ್ತಾರೆ.

ನಾವು ಹೊಲದ ತಗ್ಗಿನಲ್ಲಿ, ಗಾಳಿಗೆ ಮರೆಯಾಗಿರುವುದೆಂದು, ಡೇರೆಯ ಗೂಟ ಹೊಡೆಯಲಾರಂಭಿಸಿದೆವು. ಮುದುಕರಾದ ಆ ರೈತರು ನೋಡಿ ನಕ್ಕು, “ಯವ್ವಾ, ತಗ್ಗಿನ್ಯಾಗ ಥಂಡಿ ಇಳೀತದ. ಒಂದೀಟು ಏರಿಗಿ ಹಾಕ್ರಿ,” ಎಂದರು. ತಂಪಾದ ಗಾಳಿಯು ಭಾರವಾದುದರಿಂದ ರಾತ್ರಿಯಲ್ಲಿ ನೀರಿನಂತೆ ಕೆಳಗೆ ಹರಿದು ತಗ್ಗಿನಲ್ಲಿ ನಿಲ್ಲುವುದೆಂಬ ಪಾಠವನ್ನು ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿಕೊಟ್ಟಿಲ್ಲ! ಪುಸ್ತಕದಲ್ಲಿದ್ದ ಆ ಜ್ಞಾನವು ಹೊಲದಲ್ಲಿ ನನ್ನ ಉಪಯೋಗಕ್ಕೆ ಬರಲಿಲ್ಲ. ಡೇರೆಯನ್ನು ಏರಿಗೆ ಸಾಗಿಸಿದೆವು.

ನೆಲದ ಶೈತ್ಯವು ಮೈಗೆ ತಗಲದಿರಲೆಂದು ಅವರು ಎರಡು ಸೂಡು ಕಣಿಕೆಯನ್ನು ತಂದು ಡೇರೆಯೊಳಗೆ ಹರಡಿದರು. ಒಣಗಿದ ಜೋಳದ ದಂಟಿನ ಆ ವಾಸನೆಯು ಬಂದ ಕೂಡಲೆ ನನ್ನ ಕೈಕಾಲು ನಿಂತುಹೋದವು. ಮೂವತ್ತು ವರ್ಷಗಳಿಂದ ನಾನು ಕಣಿಕೆಯ ಬಂಡಿ ಎದುರಾದರೆ ಮುಖ ತಿರುಗಿಸುತ್ತಿದ್ದವಳು. ಮಗಳು ಕಾರಣವನ್ನು ಅರಿತು, “ತೆಗೆದುಬಿಡಲಾ ಅವ್ವಾ?” ಎಂದು ಮೆಲ್ಲಗೆ ಕೇಳಿದಳು. ಬೇಡವೆಂದೆನು. ಆ ಮುದುಕರು ಒಳ್ಳೆಯ ಮನಸ್ಸಿನಿಂದ ಹಾಸಿದ್ದರು. ಅದರ ಮೇಲೆಯೇ ಮಲಗಿದೆನು. ಬಹಳ ಹೊತ್ತು ನಿದ್ರೆ ಬಾರದಿದ್ದರೂ ಮೈಗೆ ಚಳಿ ತಟ್ಟಲಿಲ್ಲ. ಎಂಟು ಗಂಟೆಯ ಮೇಲೆ ಹುಟ್ಟಿದ ಚಂದ್ರನು ಡೇರೆಯ ಬಟ್ಟೆಯನ್ನು ಬೆಳಗಿದನು.

ಮರುದಿನ ಸುರಪುರಕ್ಕೆ ಹೋದೆವು. ಅಲ್ಲಿಯ ಗುಡ್ಡದ ಮೇಲೆ ಟೇಲರ್ ಮಂಜಿಲ್ ಎಂಬ ಬಂಗಲೆಯುಂಟು. 1841ರಿಂದ 1853ರ ವರೆಗೆ ಈ ಸಂಸ್ಥಾನದಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರನು ಅಲ್ಲಿ ವಾಸವಾಗಿದ್ದನು. ಆತನು ಗುಡ್ಡ ಬಯಲುಗಳನ್ನು ಸುತ್ತಿ, ನಮ್ಮ ನಾಡಿನ ಶಿಲಾಸಮಾಧಿಗಳ ವಿಷಯವಾಗಿ ಬರೆದವರಲ್ಲಿ ಮೊದಲಿಗನು. ಬಾಲಕನಾಗಿದ್ದ ಅರಸು ವೆಂಕಟಪ್ಪ ನಾಯಕನ ಪಾಲನೆಯೂ ಆತನ ಮೇಲಿತ್ತು. ಆ ಬಾಲಕನು ಬೆಳೆದು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಪ್ರಾಣವನ್ನು ಕಳೆದುಕೊಂಡನು. ಪಾಲಕರು ಹಾಕಿದ ದಾರಿಯಲ್ಲಿಯೇ ಮಕ್ಕಳು ನಡೆಯುವರೆಂದು ಯಾರು ಹೇಳಬಲ್ಲರು ಎಂದು ಆ ಗೋಡೆಗಳ ಬಳಿ ನಿಂತು ಯೋಚಿಸಿದೆನು.

ಅಲ್ಲಿಂದ ಬೋನಾಳದ ಕೆರೆಯನ್ನು ನೋಡಿಕೊಂಡು ಹೋದೆವು. ಸುರಪುರದ ಅರಸರ ಕಾಲದ ಈ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯವನ್ನು ದಾಟಿ ಬರುತ್ತವೆ. ಬಿಸಿಲು ಬಲಿತೊಡನೆ ಪುನಃ ಉತ್ತರದ ಎತ್ತರದ ಪ್ರದೇಶಗಳಿಗೆ ಹಾರಿಹೋಗುತ್ತವೆ. ಮುಂದೆ ಹುಣಸಗಿಯ ಕಣಿವೆ. ಇಲ್ಲಿಯ ಇಸಾಂಪುರದಲ್ಲಿ ಹತ್ತು ಲಕ್ಷ ವರ್ಷಗಳಿಗೂ ಹಿಂದಿನ ಮಾನವರು ಕಲ್ಲಿನ ಆಯುಧಗಳನ್ನು ಮಾಡುತ್ತಿದ್ದ ಕುರುಹುಗಳನ್ನು ಪ್ರಾಕ್ತನ ಶಾಸ್ತ್ರಜ್ಞರಾದ ಕೆ. ಪದ್ದಯ್ಯನವರು ಬೆಳಕಿಗೆ ತಂದರು. ಒಳ್ಳೆಯ ಕಲ್ಲು, ಬತ್ತದ ನೀರಿನ ಒರತೆ ಇವೆರಡೂ ಇದ್ದ ಕಾರಣ ಅವರು ಇಲ್ಲಿ ನೆಲೆಸಿದರಂತೆ. ಡೇರೆ ಹಾಕುವವರು ಇಂದಿಗೂ ಮೊದಲು ಕೇಳುವ ಪ್ರಶ್ನೆಯು ನೀರು ಎಲ್ಲಿದೆ ಎಂಬುದೇ ಅಲ್ಲವೆ?

ಎರಡನೆಯ ರಾತ್ರಿ ಆ ಕಣಿವೆಯ ಅಂಚಿನಲ್ಲಿ, ನನ್ನ ಸಹಪಾಠಿಯೊಬ್ಬಳ ತವರಿನವರ ಹೊಲದ ಬಳಿ ಇಳಿದೆವು. ನೆಲವು ಬಂಡೆಯಾದುದರಿಂದ ಗೂಟ ಇಳಿಯದೆ, ಹಗ್ಗಗಳನ್ನು ಗುಂಡುಗಳಿಗೆ ಕಟ್ಟಿದೆವು. ನಡುರಾತ್ರಿಯಲ್ಲಿ ಗಾಳಿ ಎದ್ದಿತು. ಒಂದು ಹಗ್ಗವು ಜಾರಿ ಡೇರೆಯು ನಮ್ಮ ಮೇಲೆ ಕುಸಿಯಿತು. ಮಗಳು ದೀಪ ಹಿಡಿದಳು. ನಾನು ಹೊರಗೆ ಬಂದು, ಮರಗಟ್ಟಿದ ಕೈಗಳಿಂದಲೇ ಕಲ್ಲಿಗೆ ಎರಡು ಸುತ್ತು ಸುತ್ತಿ, ಮೇಲೆ ಎರಡು ಕುಣಿಕೆಗಳನ್ನು ಹಾಕಿ ಬಿಗಿದೆನು. ಹಗ್ಗವು ಪುನಃ ಜಾರಲಿಲ್ಲ. “ಇದನ್ನ ಎಲ್ಲಿ ಕಲ್ತಿ ಅವ್ವಾ?” ಎಂದು ಅವಳು ಬೆರಗಾದಳು. ಇದೇ ಶಾಲೆಯ ಅಂಗಳದಲ್ಲಿ, ಗರ್ಲ್ ಗೈಡ್ ದಳದಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ! ಆ ದಿನಗಳಲ್ಲಿ ನಮ್ಮ ಉಪಾಧ್ಯಾಯಿನಿಯರು ನಮ್ಮನ್ನು ಬಯಲಿಗೆ ಕರೆದುಕೊಂಡು ಹೋಗಿ, ಡೇರೆ ಹಾಕಿಸಿ, ಒಲೆ ಹೂಡಿಸಿ, ರಾತ್ರಿಯ ಕಾವಲು ಕಾಯಿಸಿದ್ದರು. ಅಪಾಯವಾದೀತೆಂದು ನಮ್ಮನ್ನು ಒಳಗೆ ಕೂಡಿಹಾಕಲಿಲ್ಲ. ಅಪಾಯಕ್ಕೆ ತಕ್ಕ ಗಂಟನ್ನು ಕಲಿಸಿದರು. ನಾನಾದರೋ ಮಗಳಿಗೆ ಬಾಗಿಲನ್ನು ಮಾತ್ರ ಹಾಕಿದ್ದೆನು.

ನಿದ್ರೆಯು ಹಾರಿಹೋದ ಕಾರಣ ಕಂಬಳಿ ಹೊದ್ದು ಕುಳಿತು ಮಾತಾಡಿದೆವು. ಹಿಂದಿನ ಮಳೆಗಾಲದಲ್ಲಿ ತನ್ನ ಮೊಣಕೈಗೆ ಆಗಿದ್ದ ಗಾಯವು ಬಚ್ಚಲಲ್ಲಿ ಜಾರಿದ್ದರಿಂದಲ್ಲ, ಗಾಡಿಯಿಂದ ಬಿದ್ದದ್ದರಿಂದ ಎಂದು ಅವಳು ಆಗ ಹೇಳಿದಳು. ಎರಡು ದಿನ ಒಬ್ಬಳೇ ಕೋಣೆಯಲ್ಲಿ ನೋವನ್ನು ತಿಂದಿದ್ದಳಂತೆ. ನಾನು ಬೈಯಲಿಲ್ಲ. ಮಗಳು ಬಿದ್ದ ದಿನ ತಾಯಿಯನ್ನು ಕರೆಯಲಾರದೆ ಹೋದದ್ದೇ ನಿಜವಾದ ಅಪಘಾತವೆಂದು ನನಗೆ ತೋರಿತು.

ಮೂರನೆಯ ದಿನ ರಾಜನಕೋಳೂರಿನ ಶಿಲಾಸಮಾಧಿಗಳನ್ನು ನೋಡಿ ತಿರುಗಿದೆವು. ಸುರಪುರದ ಬಳಿ ಚಕ್ರಕ್ಕೆ ಮುಳ್ಳು ಚುಚ್ಚಿ ಎರಡು ತಾಸು ಕಳೆಯಿತು. ಶಹಾಪುರವನ್ನು ಸೇರುವಾಗ ಸೂರ್ಯನು ಮುಳುಗುತ್ತಿದ್ದನು. ಮರುದಿನ ಸೋಮವಾರ, ನನಗೆ ಬೆಳಗಿನ ತರಗತಿ. ಇನ್ನು ಮೂವತ್ತೈದು ಕಿಲೋಮೀಟರು ಮಾತ್ರ, ಹೋಗಿಬಿಡೋಣವೆಂದು ಹೇಳಿದವಳು ನಾನೇ.

ಅವಳು ಯಂತ್ರವನ್ನು ನಿಲ್ಲಿಸಿದಳು. “ಕತ್ತಲಾಗ್ಯದ ಅವ್ವಾ. ಮಾಮಾ ಹೋದ ದಾರಿ ಇದು. ಕತ್ತಲ್ಯಾಗ ನಾ ನಿನ್ನ ಕರ್ಕೊಂಡು ಹೋಗಂಗಿಲ್ಲ,” ಎಂದಳು.

ಅವಳು ತನ್ನ ಮಾಮನನ್ನು ಕಂಡವಳಲ್ಲ. ಆ ರಾತ್ರಿ ಶಹಾಪುರದ ಬಂಧುಗಳ ಮನೆಯಲ್ಲಿ ಉಳಿದೆವು. ಬಹಳ ವರ್ಷಗಳಲ್ಲಿ ಮೊದಲನೆಯ ಸಾರಿ ನನ್ನ ಸೋಮವಾರದ ತರಗತಿ ತಪ್ಪಿತು. ಅದಕ್ಕಾಗಿ ನನಗೆ ವ್ಯಥೆಯಾಗಲಿಲ್ಲ.

ಬೆಳಕು ಚೆನ್ನಾಗಿ ಹರಿದ ಮೇಲೆ ಹೊರಟೆವು. ಆ ಸ್ಥಳ ಬಂದಾಗ ಭುಜ ತಟ್ಟಿ ನಿಲ್ಲಿಸಿದೆನು. ರಸ್ತೆಯು ಅಗಲವಾಗಿದೆ, ಹಳೆಯ ಗುರುತು ಯಾವುದೂ ಉಳಿದಿಲ್ಲ. ಎರಡು ಕಡೆಯೂ ಹತ್ತಿಯ ಹೊಲ. ಇಬ್ಬರೂ ಹೆಲ್ಮೆಟ್ ತೆಗೆದು ಸ್ವಲ್ಪ ಹೊತ್ತು ಮೌನವಾಗಿ ನಿಂತೆವು. ಮೊದಲ ದಿನ ಕಣ್ಣು ಮುಚ್ಚಿಕೊಂಡು ದಾಟಿದ ದಾರಿಯನ್ನು ಅಂದು ಕಣ್ಣು ತೆರೆದು ನೋಡುತ್ತ ಮನೆ ಸೇರಿದೆನು.

ಹೆಣ್ಣುಮಕ್ಕಳೆಲ್ಲರಿಗೂ ಮೋಟಾರು ಸೈಕಲ್ಲನ್ನು ಕೊಡಿಸಿರೆಂದು ನಾನು ತಂದೆತಾಯಿಗಳಿಗೆ ಹೇಳುತ್ತಿಲ್ಲ. ನನ್ನ ಭಯವೂ ಪೂರ್ಣವಾಗಿ ಹೋಗಿಲ್ಲ. ಹೋಗುವುದೂ ಬೇಡ, ಯಾಕಂದರೆ ದೀಪವಿಲ್ಲದ ಬಂಡಿಗಳು ಇನ್ನೂ ದಾರಿಯಲ್ಲಿ ನಿಲ್ಲುತ್ತವೆ. ಆದರೆ ಮಕ್ಕಳನ್ನು ಬೇಡವೆಂದು ತಡೆಯುವ ಮುಂಚೆ, ಅವರು ಹೋಗುವ ದಾರಿಯಲ್ಲಿ ಒಂದು ಸಾರಿ ಅವರ ಹಿಂದೆ ಕುಳಿತು ಹೋಗಿಬನ್ನಿರೆಂದು ಮಾತ್ರ ಬೇಡುತ್ತೇನೆ. ಈಗ ನನ್ನ ಮಗಳು ಎಲ್ಲಿಗಾದರೂ ಹೊರಡುವ ಮುನ್ನ ದೂರವಾಣಿಯಲ್ಲಿ ನನಗೆ ತಿಳಿಸುತ್ತಾಳೆ, ಸೇರಿದ ಮೇಲೂ ತಿಳಿಸುತ್ತಾಳೆ. ಕಳೆದ ತಿಂಗಳು ಗಾಡಿ ಜಾರಿ ಕಾಲು ತರಚಿತೆಂದು ತಾನಾಗಿಯೇ ಹೇಳಿದಳು. ಎದೆ ಹೊಡೆದುಕೊಂಡರೂ ನಾನು ದೇವರನ್ನು ಸ್ತುತಿಸಿದೆನು.