ಏರಿದ ಹುಬ್ಬು ಇಳಿಯಲಿಲ್ಲ

ನಾಟ್ಯಶಾಸ್ತ್ರ ಹುಬ್ಬಿಗೆ ಏಳು ಬಗೆಯ ಚಲನೆಗಳನ್ನು ಹೇಳುತ್ತದೆ. ಮೈಸೂರಿನ ನಮ್ಮ ಮನೆಯ ಹಜಾರದಲ್ಲಿ ಭರತನಾಟ್ಯದ ತರಗತಿ ಶುರುಮಾಡಿದಾಗಿನಿಂದ ಅವನ್ನು ಹುಡುಗಿಯರಿಗೆ ಹೇಳಿಕೊಡುತ್ತ ಬಂದಿದ್ದೇನೆ. ಕೋಪಕ್ಕೆ ಹುಬ್ಬು ಎಷ್ಟು ಗಂಟಿಕ್ಕಬೇಕು, ಬೆರಗಿಗೆ ಎಷ್ಟು ಏರಬೇಕು, ಒಂದನ್ನೇ ಕುಣಿಸುವುದು ಹೇಗೆ, ಇದೆಲ್ಲ ನನ್ನ ಕಸುಬು. ಹುಬ್ಬು ಇರುವುದೇ ಆಡುವುದಕ್ಕೆ ಎಂದು ದಿನಾ ಪಾಠ ಹೇಳುತ್ತಿದ್ದವಳು, ನನ್ನ ಹುಬ್ಬಿನ ಸರದಿ ಬಂದಾಗ ಮಾತ್ರ ಅದು ಎಷ್ಟು ಎತ್ತರದಲ್ಲಿರಬೇಕು ಎಂದಷ್ಟೇ ಯೋಚಿಸಿದೆ. ಹುಬ್ಬು ಎತ್ತಿಸುವ ಬ್ರೋ ಲಿಫ್ಟ್ ಆಪರೇಷನ್ ಮಾಡಿಸಿಕೊಂಡು ನಾನು ಕೆಟ್ಟದ್ದು ಅಲ್ಲೇ.

ಐವತ್ತು ದಾಟುತ್ತಿದ್ದಂತೆ ಸಿಕ್ಕವರೆಲ್ಲ “ಯಾಕೆ, ರಾತ್ರಿ ನಿದ್ದೆ ಬರ್ಲಿಲ್ವಾ?” ಎಂದು ಕೇಳತೊಡಗಿದ್ದರು. ಕಣ್ಣು ಅರ್ಧ ಮುಚ್ಚಿದಂತೆ ಕಾಣುತ್ತಿತ್ತು, ಹಣೆಯ ತುಂಬ ಅಡ್ಡಗೆರೆ. ಕನ್ನಡಿಯ ಮುಂದೆ ನಿಂತು ಹಣೆಯ ಚರ್ಮವನ್ನು ಅಂಗೈಯಿಂದ ಕೂದಲಿನತ್ತ ಎಳೆದು ಹಿಡಿದರೆ ಗೆರೆ ಮಾಯವಾಗಿ ಮುಖ ಅರಳುತ್ತಿತ್ತು. ಇಷ್ಟು ಮಾಡಿಕೊಟ್ಟರೆ ಸಾಕು ಎಂದುಕೊಂಡು ಬೆಂಗಳೂರಿನ ಒಂದು ಕ್ಲಿನಿಕ್ಕಿಗೆ ಹೋದೆ. ಡಾಕ್ಟರಿಗಿಂತ ಹೆಚ್ಚು ಹೊತ್ತು ಮಾತಾಡಿದ್ದು ಪ್ಯಾಕೇಜಿನ ದರ ಹೇಳುವ ಹುಡುಗಿ. ಹಬ್ಬದ ರಿಯಾಯಿತಿ ಮುಗಿಯುವುದರೊಳಗೆ ಮುಂಗಡ ಕಟ್ಟಿಬಿಡಿ ಎಂದಳು, ಕಟ್ಟಿದೆ. ಡಾಕ್ಟರಿಗೆ ಮೊಬೈಲಿನಲ್ಲಿ ಒಬ್ಬ ಸಿನಿಮಾ ನಟಿಯ ಫೋಟೊ ತೋರಿಸಿ, ಅಂಗೈಯಿಂದ ಹಣೆ ಎಳೆದು “ಇಷ್ಟು” ಎಂದೆ. ಅವರು ತಲೆಯಾಡಿಸಿದರು. ಫಾರಂನಲ್ಲಿ ಕಣ್ಣಿನ ತೊಂದರೆ ಏನಾದರೂ ಇದೆಯೇ ಎಂಬಲ್ಲಿ ‘ಇಲ್ಲ’ ಎಂದು ಬರೆದೆ. ಕಾಲೇಜಿನ ದಿನಗಳಿಂದ ಹಾಕಿಕೊಂಡು ಬಂದ ಕಾಂಟ್ಯಾಕ್ಟ್ ಲೆನ್ಸ್ ತೊಂದರೆಯ ಲೆಕ್ಕಕ್ಕೆ ಬರುತ್ತದೆಂದು ನನಗೇನು ಗೊತ್ತು?

ಆಪರೇಷನ್ನಿನ ಹಿಂದಿನ ರಾತ್ರಿ ಅಳುಕಾಯಿತು. ಇನ್ನೊಬ್ಬರನ್ನು ಕೇಳೋಣವೇ ಎಂದು ಯಜಮಾನರೊಡನೆ ಅಂದೆ ಕೂಡ. ಆದರೆ ಮುಂಗಡ ವಾಪಸ್ ಇಲ್ಲ ಎಂದು ರಸೀದಿಯಲ್ಲೇ ಅಚ್ಚಾಗಿತ್ತು.

ನನಗೆ ಮಾಡಿದ್ದು ಎಂಡೋಸ್ಕೋಪಿಕ್ ಬ್ರೋ ಲಿಫ್ಟ್. 1990ರ ದಶಕದಲ್ಲಿ ಬಳಕೆಗೆ ಬಂದ ವಿಧಾನ ಇದು. ಅದಕ್ಕೆ ಮೊದಲು ನೆತ್ತಿಯ ಮೇಲೆ ಕಿವಿಯಿಂದ ಕಿವಿಗೆ ಕೊಯ್ದು, ಹಣೆಯನ್ನು ಹಿಂದಕ್ಕೆಳೆದು, ಹೆಚ್ಚಾದ ಚರ್ಮ ಕತ್ತರಿಸಿ ಹೊಲಿಯುತ್ತಿದ್ದರು; ಈಗಲೂ ಕೆಲವರಿಗೆ ಅದೇ ಬೇಕಾಗುತ್ತದೆ. ಎಂಡೋಸ್ಕೋಪಿಯಲ್ಲಿ ಕೂದಲ ಮರೆಯಲ್ಲಿ ಮೂರರಿಂದ ಐದು ಚಿಕ್ಕ ಗಾಯ. ಅವುಗಳ ಮೂಲಕ ಕ್ಯಾಮೆರಾ ತೂರಿಸಿ, ಕಣ್ಣಿನ ಗೂಡಿನ ಮೇಲಂಚಿನಲ್ಲಿ ಮೂಳೆಗೆ ಅಂಟಿಕೊಂಡ ಪದರವನ್ನು ಬಿಡಿಸಿ, ಹಣೆಯನ್ನು ಮೇಲೆತ್ತಿ ಬಿಗಿಯುತ್ತಾರೆ. ಹುಬ್ಬು ಗಂಟಿಕ್ಕುವ ಸ್ನಾಯುಗಳನ್ನೂ ಸಾಮಾನ್ಯವಾಗಿ ಅದೇ ಹೊತ್ತಿನಲ್ಲಿ ಸಡಿಲ ಮಾಡುತ್ತಾರೆ. ಊತ, ಕಪ್ಪು ಕಲೆ ಒಂದೆರಡು ವಾರದಲ್ಲಿ ಇಳಿಯುತ್ತವೆ. ನೆತ್ತಿಯ ಜೋಮು, ಅದು ಬಿಡುವಾಗಿನ ತುರಿಕೆ ತಿಂಗಳುಗಟ್ಟಲೆ ಇರುತ್ತವೆ. ಇವನ್ನೆಲ್ಲ ಸಹಿಸಿಕೊಂಡೆ. ಊತ ಇಳಿದರೆ ಮುಖ ಸರಿಹೋಗುತ್ತದೆ ಎಂದು ಕಾದೆ.

ಊತ ಇಳಿಯಿತು, ಹುಬ್ಬು ಇಳಿಯಲಿಲ್ಲ. ಮೂಗಿನ ಬದಿಯ ತುದಿಗಳು ಮೇಲೇರಿ, ಎರಡು ಹುಬ್ಬಿನ ನಡುವಿನ ಜಾಗ ಅಗಲವಾಗಿ, ಯಾರೋ ಬಾಗಿಲ ಹಿಂದಿನಿಂದ ‘ಭೌ’ ಎಂದು ಹೆದರಿಸಿದ ಮುಖ ಹಾಗೇ ನಿಂತುಬಿಟ್ಟಿತ್ತು. ತಮಾಷೆಯೆಂದರೆ ಕಣ್ಣು ಮಾತ್ರ ಮೊದಲಿನಂತೆಯೇ ಅರ್ಧ ಮುಚ್ಚಿತ್ತು. ತರಗತಿ ಮತ್ತೆ ಶುರುಮಾಡಿದ ವಾರ, ಕೀಚಕನ ಮೇಲೆ ದ್ರೌಪದಿ ಸಿಡಿದೇಳುವ ಜಾಗವನ್ನು ಅಭಿನಯಿಸಿ ತೋರಿಸಿ, ಯಾವ ರಸ ಎಂದು ಕೇಳಿದೆ. ಮುಂದಿನ ಸಾಲಿನ ಪುಟ್ಟ ಹುಡುಗಿ “ಅದ್ಭುತ ಅಲ್ವಾ ಮಿಸ್?” ಎಂದಳು. ಪಕ್ಕದ ದೊಡ್ಡ ಹುಡುಗಿ ಅವಳ ತೊಡೆ ಚಿವುಟಿದ್ದು ನನಗೂ ಕಂಡಿತು.

ಕೊನೆಗೆ ಹೋದದ್ದು ಕಣ್ಣಿನ ಆಸ್ಪತ್ರೆಗೆ. ಅಲ್ಲಿ ರೆಪ್ಪೆ, ಹುಬ್ಬು, ಕಣ್ಣಿನ ಗೂಡು ಇಷ್ಟನ್ನೇ ನೋಡುವ ಆಕ್ಯುಲೋಪ್ಲಾಸ್ಟಿ ವೈದ್ಯೆಯೊಬ್ಬರಿದ್ದರು. ಅವರು ಮೊದಲು ಕೇಳಿದ್ದು ನನ್ನ ಹಳೆಯ ಫೋಟೊಗಳನ್ನು. ಆಮೇಲೆ “ಕಣ್ಣು ಮುಚ್ಚಿ, ಹಣೆ ಪೂರ್ತಿ ಸಡಿಲ ಬಿಡಿ” ಎಂದು ತಮ್ಮ ಎರಡೂ ಹೆಬ್ಬೆರಳನ್ನು ನನ್ನ ಹುಬ್ಬಿನ ಮೇಲೆ ಒತ್ತಿ ಹಿಡಿದು, “ಈಗ ನಿಧಾನ ಕಣ್ಣು ಬಿಡಿ” ಎಂದರು. ಬಿಡಲು ಹೋದರೆ ರೆಪ್ಪೆ ಪೂರ್ತಿ ಮೇಲೇಳುತ್ತಲೇ ಇಲ್ಲ! ಪಾಪೆಯ ನಡುವಿನ ಬೆಳಕಿನ ಚುಕ್ಕೆಯಿಂದ ಮೇಲ್ರೆಪ್ಪೆಯ ಅಂಚಿಗೆ ಸಾಮಾನ್ಯವಾಗಿ 4–5 ಮಿ.ಮೀ. ಇರುತ್ತದಂತೆ. ನನ್ನದು 2ರ ಆಸುಪಾಸು. “ನಿಮ್ಮ ಹುಬ್ಬು ಜೋತಿರಲೇ ಇಲ್ಲಮ್ಮ, ಜೋತಿದ್ದದ್ದು ರೆಪ್ಪೆ” ಎಂದರು.

ಗಟ್ಟಿ ಲೆನ್ಸ್ ತೆಗೆಯುವಾಗ ರೆಪ್ಪೆಯನ್ನು ಪಕ್ಕಕ್ಕೆ ಎಳೆಯುತ್ತೇವಲ್ಲ, ವರ್ಷಾನುಗಟ್ಟಲೆ ಹಾಗೆ ಎಳೆದರೆ ರೆಪ್ಪೆ ಎತ್ತುವ ಸ್ನಾಯುವಿನ ತುದಿಯ ಪಟ್ಟಿ ಹಿಗ್ಗಿಬಿಡಬಹುದು. ಕನ್ನಡಕ ಹಾಕಿಕೊಂಡು ರಂಗದ ಮೇಲೆ ಕುಣಿಯಲಾಗದೆ ನಾನು ಮಾಡಿದ್ದು ಅದನ್ನೇ. ರೆಪ್ಪೆ ಇಳಿದಂತೆಲ್ಲ, ನೋಟಕ್ಕೆ ಅಡ್ಡ ಬರದಿರಲೆಂದು ಹಣೆಯ ಸ್ನಾಯು ಹುಬ್ಬನ್ನು ಎತ್ತಿಹಿಡಿಯುತ್ತ ಬಂದಿತ್ತು. ಹಣೆಯ ಅಡ್ಡಗೆರೆಗಳು ಆ ದುಡಿಮೆಯ ಗುರುತು. ಅಂದರೆ ಆಗಲೇ ಅಳತೆ ಮೀರಿ ಮೇಲಿದ್ದ ಹುಬ್ಬನ್ನು ನಾನು ಕಾಸು ಕೊಟ್ಟು ಇನ್ನೂ ಮೇಲೇರಿಸಿಕೊಂಡಿದ್ದೆ. ಬಿಲ್ಲಿನಲ್ಲಿ ಶೇ 18 ಜಿಎಸ್‌ಟಿ ಕಂಡಾಗಲಾದರೂ ಹೊಳೆಯಬೇಕಿತ್ತು. ಕಾಯಿಲೆಗೆ ಮಾಡುವ ಚಿಕಿತ್ಸೆಗೆ ಆ ತೆರಿಗೆ ಇಲ್ಲ, ಅಂದಕ್ಕೆ ಮಾಡುವುದಕ್ಕೆ ಇದೆ. ನನ್ನದು ಯಾವುದು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹುಬ್ಬನ್ನು ಮೇಲೆತ್ತುವುದಕ್ಕೆ ಇರುವುದು ಹಣೆಯ ಫ್ರಂಟಾಲಿಸ್ ಸ್ನಾಯು ಒಂದೇ. ಕೆಳಗೆಳೆಯುವವರು ಹಲವರು: ಹುಬ್ಬುಗಳ ನಡುವೆ ಕಾರುಗೇಟರ್, ಪ್ರೊಸೀರಸ್, ಕಣ್ಣಿನ ಸುತ್ತ ಆರ್ಬಿಕ್ಯುಲಾರಿಸ್. ಹುಬ್ಬು ನಿಂತಿರುವುದೇ ಈ ಹಗ್ಗಜಗ್ಗಾಟದ ನಡುವೆ. ಫ್ರಂಟಾಲಿಸ್ ಹುಬ್ಬಿನ ಹೊರತುದಿಯವರೆಗೆ ಚಾಚಿಕೊಂಡಿರುವುದಿಲ್ಲ. ಆದ್ದರಿಂದ ವಯಸ್ಸಾದಂತೆ ಮೊದಲು ಕುಸಿಯುವುದು ಕಿವಿಯ ಕಡೆಯ ತುದಿ. ಬಹಳ ಮಂದಿಗೆ ಎತ್ತಬೇಕಾದದ್ದೂ ಅಷ್ಟನ್ನೇ, ಅದಕ್ಕೆ ಕಣತಲೆಯ ಕಡೆಯ ಕೂದಲಲ್ಲಿ ಚಿಕ್ಕ ಗಾಯ ಸಾಕು. ಮೂಗಿನ ಬದಿಯ ತುದಿ ಏರಿತೋ, ಮುಖಕ್ಕೆ ಗಾಬರಿ ಹತ್ತಿತು. ಹೆಂಗಸರ ಹುಬ್ಬು ಕಣ್ಣಿನ ಗೂಡಿನ ಮೂಳೆಯಂಚಿಗಿಂತ ತುಸು ಮೇಲಿದ್ದು ಹೊರಭಾಗದಲ್ಲಿ ಬಾಗಿದರೆ ಚೆಂದ. ಗಂಡಸರದು ಅಂಚಿನ ಮೇಲೇ ಸಪಾಟಾಗಿರಬೇಕು, ಕಮಾನು ಕೂತರೆ ಮುಖವೇ ಬೇರೆ. ಹಣೆ ಮೊದಲೇ ದೊಡ್ಡದಿದ್ದವರಿಗೆ ನೆತ್ತಿಯ ಉದ್ದ ಗಾಯ ಕೂದಲನ್ನು ಇನ್ನೂ ಹಿಂದಕ್ಕೆ ಸರಿಸುತ್ತದೆ. ಅವರಿಗೆ ಕೂದಲಿನ ಅಂಚಿನಲ್ಲೇ ಕೊಯ್ಯುವುದುಂಟು, ಆದರೆ ಗಾಯದ ಗುರುತು ಕಾಣುವ ಭಯ.

ನನಗೆ ರೆಪ್ಪೆಯ ಆಪರೇಷನ್ ಆಯಿತು, ಎಚ್ಚರವಿದ್ದಂತೆಯೇ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ನಡುನಡುವೆ “ಕಣ್ಣು ಬಿಡಿ, ಮೇಲೆ ನೋಡಿ” ಎಂದು ಎತ್ತರ ಸರಿತೂಗಿಸಿ ಹೊಲಿಗೆ ಹಾಕಿದರು. ರೆಪ್ಪೆ ತಾನೇ ಏಳತೊಡಗಿದ ಮೇಲೆ ಹಣೆಗೆ ದುಡಿಮೆ ತಪ್ಪಿತು, ಹುಬ್ಬೂ ಸ್ವಲ್ಪ ಇಳಿಯಿತು. ಬಿಗಿದು ಕಟ್ಟಿದ್ದು ಪೂರ್ತಿ ಇಳಿಯುವಂಥದಲ್ಲ. ಗಂಟಿಕ್ಕುವ ಶಕ್ತಿ ಅರ್ಧಂಬರ್ಧ ಬಂದಿದೆ. ರೌದ್ರವನ್ನು ಈಗ ನನ್ನ ಹಿರಿಯ ಶಿಷ್ಯೆ ಮಾಡಿ ತೋರಿಸುತ್ತಾಳೆ, ನಾನು ಬಾಯಲ್ಲಿ ತಿದ್ದುತ್ತೇನೆ.

ಮಕ್ಕಳನ್ನು ಬಿಡಲು ಬರುವ ತಾಯಂದಿರು ಒಬ್ಬೊಬ್ಬರಾಗಿ ಹತ್ತಿರ ಬಂದು “ಮಿಸ್, ನಾನೂ ಮಾಡಿಸ್ಕೋಬಹುದಾ?” ಎನ್ನುತ್ತಾರೆ. ಬೇಡ ಎನ್ನುವುದಿಲ್ಲ. ಮೊದಲು ರೆಪ್ಪೆ ಅಳೆಸಿಕೊಳ್ಳಿ ಎನ್ನುತ್ತೇನೆ. ನಟಿಯ ಫೋಟೊ ಬದಲು ನಿಮ್ಮದೇ ಮದುವೆ ಆಲ್ಬಮ್ ಒಯ್ಯಿರಿ. ಹುಬ್ಬಿನ ಯಾವ ಭಾಗ ಎತ್ತುತ್ತೀರಿ, ಯಾವ ಸ್ನಾಯು ಮುಟ್ಟುವುದಿಲ್ಲ ಎಂದು ಕೇಳಿ. ಕೆಳಗೆಳೆಯುವ ಸ್ನಾಯುಗಳಿಗೆ ಬೊಟಾಕ್ಸ್ ಹಾಕಿದರೆ ಹುಬ್ಬು ಒಂದೆರಡು ಮಿ.ಮೀ. ಏರಿ, ಮೂರು ನಾಲ್ಕು ತಿಂಗಳಲ್ಲಿ ಮತ್ತೆ ಇಳಿಯುತ್ತದೆ. ಅಷ್ಟರಲ್ಲೇ ತೃಪ್ತಿಯಾದರೆ ಚಾಕು ಯಾಕೆ? ಡಾಕ್ಟರು ಆಪರೇಷನ್ ಮಾಡಿಸಿಕೊಂಡವರ ಚಿತ್ರ ತೋರಿಸಿದರೆ, ವರ್ಷ ಕಳೆದ ಮೇಲೆ ಅದೇ ಜನ ನಗುವ, ಸಿಟ್ಟಾಗುವ ವಿಡಿಯೊ ಇದೆಯೇ ಎಂದು ವಿಚಾರಿಸಿ. ಸರಿಯಾದ ಉತ್ತರ ಬಾರದಿದ್ದರೆ ಮುಂಗಡ ಕಟ್ಟಿದ್ದರೂ ಎದ್ದು ಬನ್ನಿ. ಆ ದುಡ್ಡಿನ ಮುಖ ನೋಡಿಯೇ ನಾನು ಕೂತುಬಿಟ್ಟಿದ್ದು.