ಹಕ್ಕಿಗೆ ಕಾಲುಂಗುರ

ಮಿನಿ ಪ್ರಾಜೆಕ್ಟಿಗೆ ಐಡಿಯಾ ಹುಡುಕ್ತಾ ಹುಡುಕ್ತಾ ನಾವು ನಾಲ್ವರೂ ಒಪ್ಪಿದ್ದು 'ಹಕ್ಕಿ ಟ್ರ್ಯಾಕರ್'. ಜಿಪಿಎಸ್ ಮಾಡ್ಯೂಲ್, ಇಎಸ್‌ಪಿ32 ಬೋರ್ಡ್, ಒಂದು 18650 ಬ್ಯಾಟರಿ. ಹಾಸ್ಟೆಲ್ ಟೆರೇಸಿನಲ್ಲಿ ಇಟ್ಟು ನೋಡಿದರೆ ಮ್ಯಾಪಿನಲ್ಲಿ ನಿಟ್ಟೆ ಸರಿಯಾಗಿಯೇ ಬಂತು. ನಮ್ಮ ಖುಷಿ ಕೇಳ್ಬೇಡಿ. ವಲಸೆ ಹಕ್ಕಿಯನ್ನು ಮಾತ್ರ ನಾವ್ಯಾರೂ ಹತ್ತಿರದಿಂದ ನೋಡಿರಲಿಲ್ಲ.

ಅದನ್ನೂ ನೋಡೋಣ ಅಂತ ಮಾರ್ಚ್ ಕೊನೆಯ ಭಾನುವಾರ ಪಡುಬಿದ್ರಿ ಬಸ್ ಹತ್ತಿ, ಉಡುಪಿಗೆ ಹೋಗಿ, ಮಲ್ಪೆಯಿಂದ ಬೋಟಿನಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದೆವು. ಬಂದವರೆಲ್ಲ ಕಂಬದಂಥ ಬಂಡೆಗಳ ಮುಂದೆ ಸೆಲ್ಫಿ ತೆಗೀತಿದ್ದರು. ನಾವು ಚಿಪ್ಪಿನ ದಂಡೆಯಲ್ಲಿ ಕೂತೆವು. ನೀರಿನ ಅಂಚಿನಲ್ಲಿ ಪುಟ್ಟ ಹಕ್ಕಿಗಳು ನಾಲ್ಕು ಹೆಜ್ಜೆ ಓಡುವುದು, ನಿಲ್ಲುವುದು, ಮತ್ತೆ ಓಡುವುದು. ಹೆಸರು ಸ್ಯಾಂಡ್ ಪ್ಲೋವರ್. ಚಳಿಗಾಲದಲ್ಲಿ ಮಾಸಲು ಬಣ್ಣ. ಊರಿಗೆ ಹೊರಡುವ ಹೊತ್ತಿಗೆ ಎದೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ. ಊರು ಅಂದರೆ ಹಿಮಾಲಯದ ಆಚೆ, ಟಿಬೆಟ್ ಕಡೆ.

ವಾಪಸ್ ಬರುವಾಗ ಬೋಟಿನ ಅಣ್ಣ ನಮ್ಮ ಡಬ್ಬಿ ಕೈಯಲ್ಲಿ ತೂಗಿ ನೋಡಿ ಕೇಳಿದರು: "ಎಂತ ಮಾರಾಯ್ರೆ, ಇದನ್ನು ಆ ಹಕ್ಕಿಗೆ ಕಟ್ಟುದಾ? ಮತ್ತೆ ಅದು ಹಾರುದು ಹೇಗೆ?"

ನಮ್ಮಲ್ಲಿ ಉತ್ತರ ಇರಲಿಲ್ಲ. ಬಸ್ಸಲ್ಲಿ ಲೆಕ್ಕ ಹಾಕಿದೆವು. ಹಕ್ಕಿಯ ತೂಕ ಸುಮಾರು 60 ಗ್ರಾಂ. ಅದರ ಮೇಲೆ ಹಾಕುವ ಭಾರ ಸಾಮಾನ್ಯವಾಗಿ ಶೇಕಡಾ 3ರಿಂದ 5ರ ಒಳಗಿರಬೇಕು ಅನ್ನುತ್ತಾರೆ. ಅಂದರೆ ಹೆಚ್ಚೆಂದರೆ 3 ಗ್ರಾಂ. ನಮ್ಮ ಬ್ಯಾಟರಿ ಒಂದೇ 45 ಗ್ರಾಂ! ಅಷ್ಟು ದಿನ ಕೋಡ್ ಬರೆದ ನಾವು ಈ ಒಂದು ಭಾಗಾಕಾರ ಮಾಡಿರಲಿಲ್ಲ.

ಆ ರಾತ್ರಿ ಓದಿದಾಗ ಗೊತ್ತಾಯಿತು. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಎಂಬ ಮೇಷ್ಟ್ರು ಹಕ್ಕಿಗಳ ಕಾಲಿಗೆ ನಂಬರು, ವಿಳಾಸ ಇರುವ ಅಲ್ಯೂಮಿನಿಯಂ ಉಂಗುರ ತೊಡಿಸಿ ಬಿಟ್ಟಿದ್ದರು. ನಮ್ಮಲ್ಲೂ ಸಲೀಂ ಅಲಿಯವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ 1959ರಿಂದ ಈ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಮಾಡಿತು. ಬಲೆಯಲ್ಲಿ ಮೆಲ್ಲಗೆ ಹಿಡಿದು, ಅಳೆದು, ತೂಗಿ, ಉಂಗುರ ಹಾಕಿ ಬಿಡುವುದು. ಬ್ಯಾಟರಿ ಇಲ್ಲ, ನೆಟ್‌ವರ್ಕ್ ಇಲ್ಲ. ಆದರೆ ಸಾವಿರಾರು ಕಿಲೋಮೀಟರ್ ಆಚೆ ಯಾರಾದರೂ ಆ ಕಾಲನ್ನು ನೋಡಿ ತಿಳಿಸಿದರೆ ಮಾತ್ರ ಹಕ್ಕಿಯ ದಾರಿ ಗೊತ್ತಾಗುತ್ತದೆ. ನೋಡುವವರೇ ಇಲ್ಲದಿದ್ದರೆ ಉಂಗುರ ಬರೀ ಉಂಗುರ.

ರಿವ್ಯೂದಲ್ಲಿ ನಮ್ಮ ಮೊದಲ ಸ್ಲೈಡೇ 'ಈ ಸಾಧನ ಹಕ್ಕಿಗೆ ಆಗುವುದಿಲ್ಲ, ಯಾಕೆ?' ಅಂತ ಇತ್ತು. ಮಾರ್ಕ್ಸ್ ಕಡಿಮೆಯೇ ಬಂತು. ಬೇಜಾರೂ ಆಯಿತು. ಆದರೆ ಆ 45 ಗ್ರಾಮನ್ನು ಮುಚ್ಚಿಟ್ಟು ಪಾಸಾಗಲು ಮನಸ್ಸು ಬರಲಿಲ್ಲ.

ಈಗ ಕಾಪು, ಮಲ್ಪೆ ಎಲ್ಲಿ ಹೋದರೂ ನಮ್ಮ ಕಣ್ಣು ಮೊದಲು ಹೋಗುವುದು ಹಕ್ಕಿಗಳ ಕಾಲಿಗೆ. ಇದುವರೆಗೆ ಒಂದೂ ಉಂಗುರ ಸಿಕ್ಕಿಲ್ಲ. ನಿಮಗೆ ಕಂಡರೆ ಓಡಿಸಬೇಡಿ. ಜೂಮ್ ಮಾಡಿ ಫೋಟೋ ತೆಗೆಯಿರಿ, ಬಣ್ಣ, ಅಕ್ಷರ, ಜಾಗ, ದಿನ ಬರೆದುಕೊಂಡು ಸೊಸೈಟಿಗೆ ಕಳಿಸಿ. ಆಮೇಲೆ ನಮಗೂ ಒಂದು ಮೆಸೇಜ್ ಹಾಕಿ.