ತಾಳಕ್ಕೊಂದು ಗುಂಡಿ

ಕನ್ನಡ ಮೇಷ್ಟ್ರೊಬ್ಬ ಡೀಜೆಯ ವಿಷಯ ಬರೆಯಹೊರಟನೆಂದರೆ ಓದುಗರು ಅದನ್ನು ಬೈಗುಳದ ಲೇಖನವೆಂದೇ ತಿಳಿದು ಪುಟ ತಿರುವಿಬಿಡಬಹುದು. ತಪ್ಪು ಅವರದಲ್ಲ. ಎದೆಗೂಡನ್ನು ಅದುರಿಸುವ ಆ ಪೆಟ್ಟಿಗೆಗಳು ಬೀದಿಯಲ್ಲಿ ಹಾದುಹೋಗುವಾಗ ಕಿಟಕಿ ಮುಚ್ಚುವವರ ಪೈಕಿ ನಾನೂ ಒಬ್ಬ. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಕೂಡದೆಂಬ ಕಟ್ಟಳೆಯನ್ನು 2005ರಲ್ಲಿ ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯವನ್ನು ನಾನು ಆಗಾಗ ಮನಸ್ಸಿನಲ್ಲೇ ವಂದಿಸುವುದುಂಟು. ಆದರೆ ಇಲ್ಲಿ ಗದ್ದಲದ ಮಾತು ಬೇಡ. ಆ ಪೆಟ್ಟಿಗೆಗಳ ಹಿಂದೆ ನಿಂತು ಒಂದು ಹಾಡಿನ ಬಾಲಕ್ಕೆ ಇನ್ನೊಂದು ಹಾಡಿನ ತಲೆಯನ್ನು ಗಂಟುಹಾಕುವ ಹುಡುಗನೊಬ್ಬನಿದ್ದಾನಲ್ಲ, ಅವನ ವಿಷಯ ಹೇಳಬೇಕಾಗಿದೆ. ಆ ಗಂಟನ್ನು ಅವನು ತನ್ನ ಕಿವಿಯಿಂದ ಹಾಕಬೇಕೆ, ಯಂತ್ರದ ಕೈಯಲ್ಲಿ ಹಾಕಿಸಿದರೆ ಸಾಕೆ ಎಂಬ ವ್ಯಾಜ್ಯವೊಂದು ಈಚೆಗೆ ನನ್ನ ಮನೆಯ ಜಗಲಿಗೆ ಬಂತು.

ತಂದವನು ನನ್ನ ಅಕ್ಕನ ಮಗ. ಅಕ್ಕನನ್ನು ಕೊಟ್ಟಿರುವುದು ನಂಜನಗೂಡು ತಾಲ್ಲೂಕಿನ ಹೆಮ್ಮರಗಾಲಕ್ಕೆ. ಸಂತಾನ ವೇಣುಗೋಪಾಲಸ್ವಾಮಿಯ ಗುಡಿಯಿಂದಾಗಿ ಆ ಊರಿನ ಹೆಸರು ದೂರದವರಿಗೂ ಗೊತ್ತು. ಮಕ್ಕಳಾಗಲೆಂದು ಹರಕೆ ಹೊತ್ತ ದಂಪತಿಗಳು ಎಲ್ಲೆಲ್ಲಿಂದಲೋ ಬರುತ್ತಾರೆ. ಹುಡುಗ ಬಿ.ಕಾಂ. ಮುಗಿಸಿದ. ಎರಡು ವರ್ಷ ಅರ್ಜಿ ಹಿಡಿದು ಕಾರ್ಖಾನೆಗಳ ಗೇಟು ಕಾದ. ಕೊನೆಗೆ ಅಮ್ಮನ ಎರಡೆಳೆ ಸರವನ್ನು ಅಡವಿಟ್ಟು ಡೀಜೆ ಕಂಟ್ರೋಲರ್ ಒಂದನ್ನೂ ಹಳೆಯ ಲ್ಯಾಪ್‌ಟಾಪ್ ಒಂದನ್ನೂ ಕೊಂಡ. ಮದುವೆ, ಆರತಕ್ಷತೆ, ಗಣೇಶನ ಮೆರವಣಿಗೆ ಎಂದು ಒಂದೊಂದಾಗಿ ಕೈಗೆ ಹತ್ತಿದರೆ ಸರ ಮನೆಗೆ ಬರಬೇಕು. ಇಂಥವನಿಗೆ ಕಲೆಯ ಶುದ್ಧಿಯ ಮೇಲೆ ಉಪನ್ಯಾಸ ಮಾಡುವುದು ಸುಲಭ. ಬಡ್ಡಿ ಕಟ್ಟುವವನು ಅವನು.

ಎದುರು ಕಕ್ಷಿಯವರು ನಂಜನಗೂಡಿನಲ್ಲಿ ಶಾಮಿಯಾನ ಮತ್ತು ಸೌಂಡ್ಸ್ ಅಂಗಡಿ ಇಟ್ಟಿರುವ ಹಿರಿಯರು. ಹುಡುಗ ದೊಡ್ಡ ಸ್ಪೀಕರುಗಳನ್ನು ಬಾಡಿಗೆಗೆ ತರುವುದು ಅವರಿಂದಲೇ. ಕ್ಯಾಸೆಟ್ಟಿನ ಕಾಲದಿಂದ ಈ ಕಸುಬಿನಲ್ಲಿದ್ದು, ಸಿ.ಡಿ.ಗಳ ಕಾಲದಲ್ಲಿ ಕಿವಿಯಿಂದ ತಾಳ ಕೂಡಿಸುವುದನ್ನು ಕಲಿತವರು. "ಮೇಷ್ಟ್ರೇ, ಇವನಿಗೆ ಒಂದು ಮಾತು ಹೇಳಿ. ಸಿಂಕ್ ಗುಂಡಿ ಒತ್ತೋನು ಡೀಜೆ ಅಲ್ಲ, ಕರೆಂಟು ಹಾಕೋನು" ಎಂದರು. ಹುಡುಗ ಬಿಡಲಿಲ್ಲ: "ಮಾವ, ನೀವೇ ಹೇಳಿ. ಕುಣಿಯೋರು ಯಾರಾದ್ರೂ ಬಂದು ನೀನು ಗುಂಡಿ ಒತ್ತಿದ್ಯಾ, ಕೈಯಲ್ಲಿ ಮಾಡಿದ್ಯಾ ಅಂತ ಕೇಳ್ತಾರಾ?" ಛಂದಸ್ಸು ಪಾಠ ಮಾಡುವವನಿಗೆ ತಾಳ ಗೊತ್ತಿರಲೇಬೇಕೆಂಬುದು ಇಬ್ಬರ ನಂಬಿಕೆ. ಆ ನಂಬಿಕೆಯನ್ನು ಕೆಡಿಸುವ ಮನಸ್ಸು ನನಗಾಗಲಿಲ್ಲ.

ವಿಷಯ ಇಷ್ಟು. ನಿಮಿಷಕ್ಕೆ 124 ಪೆಟ್ಟಿನ ಹಾಡೊಂದು ಮುಗಿಯುತ್ತ ಬಂದಿದೆ; ಮುಂದಿನದು 126 ಪೆಟ್ಟಿನದು. ಎರಡನ್ನೂ ಒಂದೇ ಪೆಟ್ಟಿನ ಮೇಲೆ ಹೊರಡಿಸಿದರೂ ಹದಿನೈದು ಸೆಕೆಂಡಿನಲ್ಲಿ ಅರ್ಧ ಪೆಟ್ಟು ಹೆಚ್ಚುಕಡಿಮೆಯಾಗಿ, ಇಕ್ಕಟ್ಟಿನ ಓಣಿಯಲ್ಲಿ ಎರಡು ಕುದುರೆಗಳು ಓಡಿದಂತೆ ಕೇಳಿಸತೊಡಗುತ್ತದೆ. ಆದ್ದರಿಂದ ಒಂದು ಕಿವಿಯನ್ನು ಸಭೆಗೆ ಕೊಟ್ಟು, ಇನ್ನೊಂದಕ್ಕೆ ಹೆಡ್‌ಫೋನ್ ಇಟ್ಟು ಬರಲಿರುವ ಹಾಡನ್ನು ಕೇಳುತ್ತ, ಅದರ ವೇಗವನ್ನು ಎಳ್ಳಷ್ಟು ಹಿಗ್ಗಿಸಿ ಕುಗ್ಗಿಸಿ ಎರಡನ್ನೂ ಒಂದೇ ನಡೆಗೆ ತರಬೇಕು. 1960ರ ದಶಕದ ಕೊನೆಗೆ ನ್ಯೂಯಾರ್ಕಿನ ಫ್ರಾನ್ಸಿಸ್ ಗ್ರಾಸೋ ಎಂಬಾತ ಗ್ರಾಮಫೋನ್ ತಟ್ಟೆಗಳ ಮೇಲೆ ಇದನ್ನು ಮಾಡಿ ಹೆಸರಾದ. 1972ರಲ್ಲಿ ಜಪಾನಿನಿಂದ ಬಂದ ಟೆಕ್ನಿಕ್ಸ್ ಎಸ್‌ಎಲ್-1200 ಎಂಬ ಯಂತ್ರದ 1979ರ ಆವೃತ್ತಿಯಲ್ಲಿ ವೇಗ ತಿದ್ದಲು ಒಂದು ಜಾರುಪಟ್ಟಿಯನ್ನಿಟ್ಟರು. ಎತ್ತಲೂ ನೂರಕ್ಕೆ ಎಂಟರಷ್ಟು. ಆಮೇಲೆ ಗಣಕ ಬಂತು. ಅದು ಹಾಡನ್ನು ಮೊದಲೇ ಓದಿ, ಪೆಟ್ಟು ಬೀಳುವ ಕಡೆಗಳಲ್ಲಿ ಗೆರೆ ಎಳೆದು, ಗುಂಡಿ ಒತ್ತಿದೊಡನೆ ಎರಡು ಹಾಡುಗಳ ಗೆರೆಗಳನ್ನೂ ಒಂದರ ಮೇಲೊಂದು ಕೂಡಿಸುತ್ತದೆ. ಕ್ಲಬ್ಬುಗಳಲ್ಲಿ ಇಡುವ ಪಯೋನಿಯರ್ ಯಂತ್ರಕ್ಕೂ 2012ರಲ್ಲಿ ಆ ಗುಂಡಿ ಬಂತು. ಹತ್ತಾರು ವರ್ಷ ಬೆವರು ಸುರಿಸಿ ಕಲಿತವರ ಹೊಟ್ಟೆ ಆಗ ಉರಿದದ್ದು ಸಹಜ.

ಆದರೆ ಹೊಟ್ಟೆಯುರಿ ವಾದವಾಗಲಾರದು. "ನಾನು ಕಷ್ಟಪಟ್ಟೆ, ನೀನೂ ಪಡು" ಎನ್ನುವ ಗುರುಗಳು ನಮ್ಮ ಇಲಾಖೆಯಲ್ಲಿಯೂ ಬೇಕಾದಷ್ಟು ಮಂದಿ ಇದ್ದಾರೆ. ನಾನು ಅಂಗಡಿಯವರಿಗೆ ಅದನ್ನೇ ಹೇಳಿದೆ. ಸಂಗೀತಗಾರರನ್ನೇ ನೋಡಿ. ಬೆಂಗಳೂರಿನ ರೇಡೆಲ್ ಸಂಸ್ಥೆಯ ವಿದ್ಯುತ್ ತಂಬೂರಿ ಹುಟ್ಟಿ ನಾಲ್ಕು ದಶಕಗಳ ಮೇಲಾಯಿತು. ಅದನ್ನು ಮಾಡಿದ ಜಿ. ರಾಜ್ ನಾರಾಯಣ್ ಅವರು ಸ್ವತಃ ಕೊಳಲು ಬಾರಿಸುವವರು. ತಂಬೂರಿ ಮೀಟಲು ಒಬ್ಬ ಶಿಷ್ಯನನ್ನು ಕೂರಿಸಿಕೊಳ್ಳುವುದು ತಪ್ಪಿತು, ರೈಲಿನಲ್ಲಿ ಸೋರೆಬುರುಡೆ ಒಡೆಯುವುದು ತಪ್ಪಿತು. ಇದರಿಂದ ಕರ್ನಾಟಕ ಸಂಗೀತ ಮುಳುಗಿತೆಂದು ಯಾರೂ ಅನ್ನಲಿಲ್ಲ.

ಹುಡುಗನಿಗೆ ಈ ಉದಾಹರಣೆ ಕಲ್ಲುಸಕ್ಕರೆಯಾಯಿತು. ಆದರೆ ಅಲ್ಲೊಂದು ಮುಳ್ಳಿದೆ. ಆ ಪೆಟ್ಟಿಗೆ ಶ್ರುತಿಯನ್ನು ಕೊಡುತ್ತದೆ. ಹಾಡುವವನನ್ನು ಎಳೆದು ತಂದು ಶ್ರುತಿಯಲ್ಲಿ ನಿಲ್ಲಿಸುವುದಿಲ್ಲ. ನಿಂತನೋ ಜಾರಿದನೋ ಎಂಬುದನ್ನು ಅವನ ಕಿವಿಯೇ ಹೇಳಬೇಕು. ಸಿಂಕ್ ಗುಂಡಿಯಾದರೋ ಅಳತೆಯನ್ನೂ ತಾನೇ ತಂದು, ಅಳೆಯುವುದನ್ನೂ ತಾನೇ ಮಾಡಿ, ಸರಿಯಾಯಿತೆಂಬ ತೀರ್ಪನ್ನೂ ತಾನೇ ಕೊಡುತ್ತದೆ. ಎರಡಕ್ಕೂ ಯಂತ್ರವೆಂಬ ಹೆಸರು ಒಂದೇ ಆದ ಮಾತ್ರಕ್ಕೆ ಕೆಲಸ ಒಂದೇ ಆಗಲಿಲ್ಲ.

ಪಕ್ಕದ ತಾಲ್ಲೂಕಿನ ಒಬ್ಬ ಮಹಾನುಭಾವರು ಇಲ್ಲಿ ನೆನಪಾಗುತ್ತಾರೆ. ಕಪಿಲೆ ಕಾವೇರಿಯನ್ನು ಸೇರುವ ತಿರುಮಕೂಡಲಿನಲ್ಲಿ 1895ರಲ್ಲಿ ಹುಟ್ಟಿದ ಪಿಟೀಲು ಚೌಡಯ್ಯನವರು. ಮೈಸೂರಿನಲ್ಲಿ ಬಿಡಾರಂ ಕೃಷ್ಣಪ್ಪನವರ ಕೈಕೆಳಗೆ ಕಲಿತವರು. ಆ ಶಿಕ್ಷಣದ ಬಿಗಿಯನ್ನು ಹಳೆಯ ಮೈಸೂರಿಗರು ಇಂದಿಗೂ ಬಣ್ಣಿಸುತ್ತಾರೆ. ಧ್ವನಿವರ್ಧಕವಿಲ್ಲದ ದಿನಗಳಲ್ಲಿ ದೊಡ್ಡ ಸಭೆಯ ಹಿಂದಿನ ಸಾಲಿಗೆ ಪಿಟೀಲು ಕೇಳಿಸದು. ಅದಕ್ಕೆ ಅವರು ನಾಲ್ಕು ತಂತಿಯ ವಾದ್ಯವನ್ನು ಏಳು ತಂತಿಯದನ್ನಾಗಿ ಮಾಡಿಕೊಂಡರು. ಯೋಚಿಸಿದರೆ, ಹಿಂದಿನ ಸಾಲಿನವನಿಗೂ ಕೇಳಬೇಕೆಂಬ ಡೀಜೆಯ ಚಿಂತೆಯೇ ಅದು! (ಈ ಮಾತನ್ನು ಮೈಸೂರಿನ ಸಭೆಯಲ್ಲಿ ಆಡುವ ಧೈರ್ಯ ನನಗಿಲ್ಲ.) ವಾದ್ಯವನ್ನು ಬದಲಿಸುವುದು ಪಾಪವೆಂದು ಅವರು ತಿಳಿಯಲಿಲ್ಲ. ಆದರೆ ಆ ಬದಲಾವಣೆಯಿಂದ ಕೆಲಸ ಹೆಚ್ಚಿದ್ದು ಯಾರಿಗೆ? ಜೋಡಿ ತಂತಿಗಳನ್ನು ಒಂದೇ ಬೆರಳಿನಲ್ಲಿ ಒತ್ತಬೇಕು. ಎರಡರಲ್ಲೂ ಸ್ವರ ಕೂದಲೆಳೆ ಆಚೀಚೆಯಾಗಬಾರದು. ನಾಲ್ಕು ತಂತಿಯವನಿಗೆ ಸಲ್ಲುವ ಮಾಫಿ ಏಳು ತಂತಿಯವನಿಗೆ ಸಲ್ಲದು.

ಇಷ್ಟೆಲ್ಲ ಹೇಳಿದರೂ ಹುಡುಗ, "ಸರಿ ಮಾವ, ಆದ್ರೂ ಮಿಷೀನು ತಪ್ಪು ಮಾಡಲ್ವಲ್ಲ" ಎಂದ. ಆ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ನನ್ನ ಜಗಲಿಯಲ್ಲಲ್ಲ, ಹೆಮ್ಮರಗಾಲದ ಬೀದಿಯಲ್ಲಿ.

ನೆಂಟರ ಮದುವೆ. ಗಂಡಿನ ಮೆರವಣಿಗೆ. ಮುಂದೆ ತಮಟೆಯವರು ನಾಲ್ವರು, ಹಿಂದೆ ಸಣ್ಣ ಗೂಡ್ಸ್ ಗಾಡಿಯ ಮೇಲೆ ನಮ್ಮ ಹುಡುಗ. ಮದುವೆಯವರು ಇಬ್ಬರನ್ನೂ ಕರೆಸಿದ್ದರು. ಡೀಜೆ ಬಂದ ಮೇಲೆ ತಮಟೆಯವರಿಗೆ ಕರೆ ಕಡಿಮೆಯಾಗಿರುವುದು ಈ ಕಡೆಯ ಊರುಗಳಲ್ಲಿ ಎಲ್ಲರೂ ಕಾಣುವ ಸಂಗತಿ. ಕರೆದರೂ ದೇವರ ಗುಡಿಯ ಬಾಗಿಲವರೆಗೆ ಅವರು, ಅಲ್ಲಿಂದಾಚೆಗೆ ಪೆಟ್ಟಿಗೆ ಎಂಬ ಏರ್ಪಾಡು. ಅಂದೂ ಹಾಗೆಯೇ. ಹುಡುಗ ಹೊಸ ಸಿನಿಮಾ ಹಾಡುಗಳನ್ನು ಒಂದಕ್ಕೊಂದು ಪೋಣಿಸುತ್ತಿದ್ದ. ಗಂಟು ಎಲ್ಲಿದೆಯೆಂದೇ ತಿಳಿಯದು. ನಾನೂ ಮನಸ್ಸಿನಲ್ಲಿ ಭಲೆ ಎಂದೆ. ಅಷ್ಟರಲ್ಲಿ ಮದುಮಗನ ಅಜ್ಜಿ ಗಾಡಿಯ ಬಳಿ ಬಂದು, "ಹಳೇದು ಒಂದು ಹಾಕಪ್ಪ, ನಾವೂ ಕೇಳೋ ಅಂಥದ್ದು" ಎಂದರು.

ಹಳೆಯದೊಂದು ಚಿತ್ರಗೀತೆ ಸಿಕ್ಕಿತು. ತ್ರಿಶ್ರದ ನಡೆ, ತೂಗುವ ಹಾಡು; ನಿಮಿಷಕ್ಕೆ 84 ಪೆಟ್ಟು ಎಂದಿಟ್ಟುಕೊಳ್ಳಿ. ಗಣಕಕ್ಕೆ ನಾಲ್ಕರ ನಡೆಯೇ ವೇದ. ಅದು ಈ ಹಾಡಿನ ಮೂರರ ಬಿಡಿಪೆಟ್ಟುಗಳನ್ನು ಎರಡೆರಡಾಗಿ ಎಣಿಸಿಕೊಂಡು, ಒಂದೂವರೆಪಟ್ಟು ಮಾಡಿ, 126 ಎಂದು ಬರೆದುಕೊಂಡಿತ್ತು. ಓಡುತ್ತಿದ್ದ ಹಾಡೂ 126. ಹುಡುಗ ಗುಂಡಿ ಒತ್ತಿದ. ಪರದೆಯ ಮೇಲೆ ಎಡಕ್ಕೂ 126, ಬಲಕ್ಕೂ 126. ಗೆರೆಗಳು ಒಂದರ ಮೇಲೊಂದು ಮುತ್ತಿನಂತೆ ಕೂತಿವೆ. ಬೀದಿಯಲ್ಲಿ ಮಾತ್ರ ಮೂರು ಎರಡನ್ನು ತುಳಿಯುತ್ತಿದೆ! ಅದರ ಮೇಲೆ ಇನ್ನೊಂದು ತೊಡಕು. ಆ ಕಾಲದ ಹಾಡುಗಳಲ್ಲಿ ಇಡೀ ವಾದ್ಯವೃಂದ ಒಟ್ಟಿಗೆ ಕೂತು ನುಡಿಸುತ್ತಿತ್ತು. ಚರಣದಲ್ಲಿ ಉಸಿರು ತುಸು ಹಿಂದೆ ನಿಲ್ಲುತ್ತದೆ, ಪಲ್ಲವಿಗೆ ಬರುವಾಗ ಹುರುಪು ಏರುತ್ತದೆ. ಮನುಷ್ಯರು ನುಡಿಸಿದ್ದು ಹಾಗಿರುತ್ತದೆ. ಸಮಸಮವಾಗಿ ಎಳೆದ ಗೆರೆಗೆ ಅದು ಸಿಕ್ಕುವುದಿಲ್ಲ.

ಕುಣಿಯುತ್ತಿದ್ದವರ ಕಾಲು ನಿಂತಿತು. ಹುಡುಗ ಪರದೆಯನ್ನು ನೋಡಿದ, ತಂತಿಗಳನ್ನು ಅಲುಗಿಸಿದ, ಮತ್ತೆ ಪರದೆಯನ್ನು ನೋಡಿದ. ಅಲ್ಲಿ ಎಲ್ಲವೂ ಸರಿಯಾಗಿತ್ತು. ಅವನಿಗೆ ತಾಳ ತಪ್ಪಿದೆಯೆಂಬುದು ತಿಳಿದದ್ದು ಜನರ ಮುಖದಿಂದ. ಯಾವುದು ತಪ್ಪಿದೆ, ಎತ್ತ ತಪ್ಪಿದೆ ಎಂದು ಹೇಳಬಲ್ಲ ಕಿವಿ ಇನ್ನೂ ಅವನಲ್ಲಿ ಹುಟ್ಟಿರಲಿಲ್ಲ.

ಗುಡಿಯ ಮೂಲೆಯಲ್ಲಿ ಬೀಡಿ ಹಚ್ಚಿದ್ದ ತಮಟೆಯ ಹಿರಿಯರು ಎದ್ದರು. ಒಂದು ಗಳಿಗೆ ತಲೆ ವಾಲಿಸಿ ಕೇಳಿ, ಹಳೆಯ ಹಾಡಿನ ನಡೆಗೆ ಎರಡು ಪೆಟ್ಟು ಹಾಕಿದರು. ಉಳಿದ ಮೂವರೂ ಕೂಡಿಕೊಂಡರು. "ಆ ಹೊಸದನ್ನ ಇಳ್ಸು ಮಗ" ಎಂದು ಕೈಸನ್ನೆ ಮಾಡಿದರು, ಹುಡುಗ ಇಳಿಸಿದ. ಹಾಡು ಎಲ್ಲಿ ಹಿಂಜರಿಯಿತೋ ಅಲ್ಲಿ ತಮಟೆಯೂ ಹಿಂಜರಿಯಿತು, ಎಲ್ಲಿ ಏರಿತೋ ಅಲ್ಲಿ ಏರಿತು. ಅಜ್ಜಿ ಸೆರಗು ಸಿಕ್ಕಿಸಿಕೊಂಡು ಕುಣಿದದ್ದನ್ನು ಬೀಗರು ಇನ್ನೂ ಹೇಳುತ್ತಾರೆ. ಆಮೇಲೆ ಊಟದ ಪಂಕ್ತಿಯಲ್ಲಿ ಹುಡುಗ ಆ ಹಿರಿಯರನ್ನು, ಅಷ್ಟು ಬೇಗ ಹೇಗೆ ಹಿಡಿದಿರಿ ಎಂದು ಕೇಳಿದ. "ಆ ಗಾಜಿನ ಮುಖ ಏನ್ ನೋಡ್ತೀಯೆ? ಕುಣಿಯೋರ ಹಿಮ್ಮಡಿ ನೋಡು" ಎಂದು ಅವರು ಪಾಯಸಕ್ಕೆ ಕೈಹಾಕಿದರು.

ನನ್ನ ತರಗತಿಯಲ್ಲಿಯೂ ಇದೇ ನಡೆಯುತ್ತಿದೆ. ಪದ್ಯವನ್ನು ಮೊಬೈಲಿಗೆ ಹಾಕಿದರೆ ಲಘು ಗುರುಗಳನ್ನು ಗುರುತಿಸಿ ಗಣ ವಿಂಗಡಿಸಿ ಕೊಡುವ ಸೌಕರ್ಯ ಈಗ ಹುಡುಗರ ಜೇಬಿನಲ್ಲಿದೆ. ಭಾಮಿನಿ ಷಟ್ಪದಿಯ ಮೂರು ನಾಲ್ಕು, ಮೂರು ನಾಲ್ಕನ್ನು ಅದು ಸಾಮಾನ್ಯವಾಗಿ ಸರಿಯಾಗಿಯೇ ಕತ್ತರಿಸುತ್ತದೆ. ಹಳಗನ್ನಡದ ಪದ್ಯ ಬರಲಿ, ಆಗ ನೋಡಿ. ಒತ್ತಕ್ಷರದ ಹಿಂದಿನ ಅಕ್ಷರ ಗುರುವೆಂಬುದು ಸೂತ್ರ. ಆದರೆ ಶಿಥಿಲದ್ವಿತ್ವವಿದ್ದಲ್ಲಿ ಒತ್ತು ತೇಲಿ, ಆ ಅಕ್ಷರ ಲಘುವಾಗಿಯೇ ಉಳಿಯುತ್ತದೆ. ಕೇಶಿರಾಜನೂ ವಿವರಿಸಹೊರಟ ಸೂಕ್ಷ್ಮ ಅದು. ಸಾಲಿನ ಓಟವನ್ನು ಬಾಯಲ್ಲಿ ಹೇಳಿಕೊಂಡವನಿಗೆ ನಾಲಗೆಯೇ ಅದನ್ನು ತಿಳಿಸುತ್ತದೆ. ಮೊಬೈಲು ಅಲ್ಲಿ ಗುರು ಹಾಕಿ ಮಾತ್ರೆ ಹೆಚ್ಚಾಯಿತೆಂದರೆ ಜಾಣ ವಿದ್ಯಾರ್ಥಿಗಳು ಬರುವುದು ಒಂದೇ ತೀರ್ಮಾನಕ್ಕೆ: ಪಂಪ ತಪ್ಪಿದ್ದಾನೆ! ಅವರನ್ನು ಬೈದು ಉಪಯೋಗವಿಲ್ಲ. ಹತ್ತು ಪದ್ಯಗಳನ್ನು ಗಟ್ಟಿಯಾಗಿ ಓದಿಸುತ್ತೇನೆ, ಆಮೇಲೆ ಮೊಬೈಲು ತೆಗೆಯಲು ಹೇಳುತ್ತೇನೆ. ತೆಗೆದವರು ಈಗ ಅದರ ತಪ್ಪು ಹಿಡಿಯುವುದರಲ್ಲೇ ಒಂದು ಖುಷಿ ಕಂಡುಕೊಂಡಿದ್ದಾರೆ.

ಆದ್ದರಿಂದ ಹುಡುಗನಿಗೆ ನಾನು ಕೊಟ್ಟ ತೀರ್ಪು ಅಂಗಡಿಯವರಿಗೂ ಪೂರ್ತಿ ರುಚಿಸಲಿಲ್ಲ, ಅವನಿಗೂ ರುಚಿಸಲಿಲ್ಲ. ದುಡ್ಡು ಕೊಟ್ಟು ಕರೆಸಿದವರ ಮದುವೆಯಲ್ಲಿ ಗುಂಡಿ ಒತ್ತಬಹುದು. ಕಲಿಯುವವನ ತಡವರಿಕೆಯನ್ನು ನೆಂಟರು ಏಕೆ ಕೇಳಬೇಕು? ಆದರೆ ಮನೆಯಲ್ಲಿ ಅಭ್ಯಾಸಕ್ಕೆ ಕೂತಾಗ ಗುಂಡಿಯ ಮೇಲೆ ಬ್ಯಾಂಡೇಜ್ ಪಟ್ಟಿ, ಪರದೆಯ ಅಂಕಿಗಳ ಮೇಲೂ ಒಂದು ಪಟ್ಟಿ. ಹೊಸ ಹಾಡುಗಳು ಮಾತ್ರ ಸಾಲದು. ಅಜ್ಜಿ ಕೇಳುವಂಥವನ್ನೂ ಒಂದಕ್ಕೊಂದು ಸೇರಿಸಿ ನೋಡಬೇಕು. "ಎಷ್ಟು ದಿನ?" ಎಂದ. ಪಟ್ಟಿ ಇದೆಯೆಂಬುದು ಮರೆಯುವವರೆಗೆ ಎಂದೆ. "ಮಾವ, ಅದು ಲೆಕ್ಕ ಆಗಲಿಲ್ಲ" ಎಂದು ಗೊಣಗಿದ. ಬಿ.ಕಾಂ. ಓದಿದವನು, ಗೊಣಗಲಿ.

ಈಗ ಮೂರು ತಿಂಗಳಾಯಿತು. ಹುಡುಗ ತಟ್ಟೆಯ ಮುಂದೆ ಕೂತರೂ ಮಂಡಿ ಅಲುಗಾಡುತ್ತಿರುತ್ತದೆ, ಕರೆದರೆ ಓಗೊಡುವುದಿಲ್ಲ ಎಂದು ಅಕ್ಕ ಫೋನಿನಲ್ಲಿ ದೂರುತ್ತಾಳೆ. ಸರ ಇನ್ನೂ ಅಡವಿನ ಅಂಗಡಿಯಲ್ಲೇ ಇದೆ. ಮೊನ್ನೆ ಬೇರೊಂದು ಊರಿನ ಮೆರವಣಿಗೆಗೆ ಅವನು ತಮಟೆಯ ಹಿರಿಯರ ಮೇಳವನ್ನು ತನ್ನ ಜೊತೆಗೇ ಸೇರಿಸಿ ಒಪ್ಪಂದ ಮಾಡಿಕೊಂಡನಂತೆ. ಹಣದ ಅರ್ಧವನ್ನು ಅವರು ಮುಂಗಡವಾಗಿಯೇ ಎಣಿಸಿಕೊಂಡರಂತೆ.